ಪರಿಸರ ವಿಜ್ಞಾನದ ಪದವಿ: ನಮ್ಮ ಭಾಗದ ಉದ್ಯಮಕ್ಕೂ ಇದಕ್ಕೂ ಏನು ಸಂಬಂಧ?

ಪ್ರತಿ ವರ್ಷ ದ್ವಿತೀಯ ಪಿ.ಯು.ಸಿ. ಫಲಿತಾಂಶ ಪ್ರಕಟವಾದ ನಂತರದ ಎರಡು ತಿಂಗಳು ನಮ್ಮ ಭಾಗದ ಪೇಟೆಗಳಲ್ಲಿ ದರದ ಮಾತಿಗಿಂತ ಮಕ್ಕಳ ಕಾಲೇಜು ಪ್ರವೇಶದ ಮಾತೇ ಹೆಚ್ಚಾಗಿರುತ್ತದೆ. ವೈದ್ಯಕೀಯ ಹಾಗೂ ಇಂಜಿನಿಯರಿಂಗ್ ಬಿಟ್ಟರೆ ವಿಜ್ಞಾನದ ವಿದ್ಯಾರ್ಥಿಗೆ ಬೇರೆ ದಾರಿಯಿಲ್ಲವೆಂಬ ಭಾವನೆ ಪಾಲಕರಲ್ಲಿ ಇನ್ನೂ ಬಲವಾಗಿದೆ. ಏಕಸಂಬಿಯ ಗೊಬ್ಬರದ ವರ್ತಕರೊಬ್ಬರು ಈಚೆಗೆ ಈ ಲೇಖಕನನ್ನು ಕಂಡು, "ಮಗಳು ಪರಿಸರ ವಿಜ್ಞಾನ ಓದ್ತೀನಂತ ಹಟಾ ಹಿಡದಾಳ್ರಿ. ಗಿಡಾ ಹಚ್ಚೂದು ಕಲಿಯಾಕ ಮೂರು ವರ್ಷ ಬೇಕೇನ್ರಿ ಸರ?" ಎಂದು ಕೇಳಿದರು. ಅವರಿಗೆ ಅಂದು ನಿಂತಲ್ಲೇ ಕೊಟ್ಟ ಉತ್ತರ ಅಪೂರ್ಣವಾಗಿತ್ತು. ಇಂತಹುದೇ ಪ್ರಶ್ನೆ ಇನ್ನೂ ಹಲವು ಸದಸ್ಯರ ಮನೆಗಳಲ್ಲಿ ಇರಬಹುದಾದ್ದರಿಂದ ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ವಿವರಿಸಲಾಗಿದೆ.

ಮೊದಲು ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಎಂಬ ಭೇದವಿಲ್ಲದೆ ಪದವಿ ವಿದ್ಯಾರ್ಥಿಗಳು ಓದಬೇಕಾದ "ಪರಿಸರ ಅಧ್ಯಯನ" ಎಂಬ ಕಡ್ಡಾಯ ಪತ್ರಿಕೆಯೊಂದಿದೆ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರ ನವೆಂಬರ್‌ನಲ್ಲಿ ಪರಿಸರ ಶಿಕ್ಷಣದ ಬಗೆಗೆ ನೀಡಿದ ನಿರ್ದೇಶನವೇ ಇದರ ಮೂಲ. ಅದು ಸಾಕಷ್ಟು ಜಾರಿಯಾಗದಿದ್ದಾಗ 2003ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ಮತ್ತೆ ಆದೇಶಿಸಿತು. ವಿಶ್ವವಿದ್ಯಾಲಯ ಅನುದಾನ ಆಯೋಗವು ಇದಕ್ಕಾಗಿ ಆರು ತಿಂಗಳ ಪಠ್ಯಕ್ರಮವನ್ನು ರೂಪಿಸಿತು. 2023ರಲ್ಲಿ ಅದನ್ನು ಪರಿಷ್ಕರಿಸಿದೆ. ಬಹುಪಾಲು ಪಾಲಕರು ಪರಿಸರ ವಿಜ್ಞಾನವೆಂದರೆ ಈ ಪತ್ರಿಕೆಯೇ ಎಂದು ತಿಳಿದಿದ್ದಾರೆ. ಪರೀಕ್ಷೆಯ ಹಿಂದಿನ ದಿನ ಗೈಡ್ ಓದಿ ಪಾಸಾಗುವ ವಿಷಯವೆಂದು ಅದಕ್ಕೆ ಕೆಟ್ಟ ಹೆಸರೂ ಬಂದಿದೆ. ಆ ಹೆಸರು ಪೂರ್ತಿ ಅನ್ಯಾಯದ್ದೆಂದು ಹೇಳಲಾಗದು.

ಬಿ.ಎಸ್ಸಿ. ಪದವಿಯಲ್ಲಿ ಮುಖ್ಯ ವಿಷಯವಾಗಿ ಕಲಿಯುವ ಪರಿಸರ ವಿಜ್ಞಾನ ಬೇರೆಯೇ ಸಂಗತಿ. ಅದರಲ್ಲಿ ರಸಾಯನಶಾಸ್ತ್ರ, ಜೀವಶಾಸ್ತ್ರ, ಭೂವಿಜ್ಞಾನ, ಸಂಖ್ಯಾಶಾಸ್ತ್ರ ಮತ್ತು ಕಾನೂನು ಇವೆಲ್ಲ ಬಂದು ಸೇರುತ್ತವೆ. ಪ್ರಯೋಗಾಲಯದಲ್ಲಿ ನೀರಿನ ಆಮ್ಲೀಯತೆ, ಲವಣಾಂಶ, ಕರಗಿದ ಆಮ್ಲಜನಕ, ಮಣ್ಣಿನ ಗುಣ, ಗಾಳಿಯಲ್ಲಿನ ಧೂಳು ಇವುಗಳನ್ನು ಅಳೆಯುವುದನ್ನು ಕೈಯಾರೆ ಕಲಿಯಬೇಕಾಗುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ನೀರು, ಮಣ್ಣು ಮತ್ತು ಗಾಳಿಯ ಜಮಾ-ಖರ್ಚಿನ ಶಾಸ್ತ್ರ. ಎಷ್ಟು ಬಂತು, ಎಷ್ಟು ಹೋಯಿತು, ಉಳಿದದ್ದು ಎಲ್ಲಿದೆ ಎಂಬ ಮೂರು ಪ್ರಶ್ನೆಗಳೇ ಇದರ ತಳಹದಿ. ಕೀರ್ದಿ, ಖತಾವಣಿಗಳ ನಡುವೆ ಬೆಳೆದ ವರ್ತಕರ ಮಕ್ಕಳಿಗೆ ಈ ಶಾಸ್ತ್ರ ಅಪರಿಚಿತವಾಗಬೇಕಿಲ್ಲ.

ಒಂದು ಕಿಲೋ ಸಕ್ಕರೆಯ ಲೆಕ್ಕ

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ನಿಪ್ಪಾಣಿ ತಾಲೂಕುಗಳ ವ್ಯಾಪಾರವು ಬಹುಮಟ್ಟಿಗೆ ಕಬ್ಬಿನ ಮೇಲೆ ನಿಂತಿದೆ. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ ಸಹಕಾರಿ ಕಾರ್ಖಾನೆ, ನಿಪ್ಪಾಣಿಯ ಹಾಲಸಿದ್ಧನಾಥ ಕಾರ್ಖಾನೆ, ಉಗಾರದ ಹಳೆಯ ಕಾರ್ಖಾನೆ, ಅಥಣಿ ಭಾಗದ ಹೊಸ ಕಾರ್ಖಾನೆಗಳು, ಇವುಗಳ ಸುತ್ತಲಿನ ಸಾರಿಗೆ, ಬಿಡಿಭಾಗ, ಗೊಬ್ಬರ, ಪತ್ತಿನ ವ್ಯವಹಾರ ಎಲ್ಲವೂ ನುರಿಸುವ ಹಂಗಾಮಿನ ಜೊತೆಗೆ ಏರಿಳಿಯುತ್ತವೆ. ಆದುದರಿಂದ ಉದಾಹರಣೆಯನ್ನು ಸಕ್ಕರೆಯಿಂದಲೇ ತೆಗೆದುಕೊಳ್ಳೋಣ.

ಕಾರ್ಖಾನೆಯ ತ್ಯಾಜ್ಯ ನೀರನ್ನು ಅಳೆಯುವಾಗ "ಬಿ.ಒ.ಡಿ." ಎಂಬ ಪದವನ್ನು ನಮ್ಮ ಅನೇಕ ಸದಸ್ಯರು ಕೇಳಿರುತ್ತಾರೆ. ನೀರಿನಲ್ಲಿ ಸಕ್ಕರೆಯಂತಹ ಜೈವಿಕ ವಸ್ತು ಬಿದ್ದರೆ ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ತಿನ್ನಲಾರಂಭಿಸುತ್ತವೆ. ತಿನ್ನುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಹೀಗೆ ಬೇಕಾಗುವ ಆಮ್ಲಜನಕದ ಪ್ರಮಾಣವೇ ಬಿ.ಒ.ಡಿ. ನಮ್ಮ ದೇಶದಲ್ಲಿ ಇದನ್ನು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ದಿನ ಇಟ್ಟು ಅಳೆಯುವುದು ವಾಡಿಕೆ.

ರಸಾಯನಶಾಸ್ತ್ರದ ಲೆಕ್ಕದಂತೆ ಒಂದು ಕಿಲೋ ಸಕ್ಕರೆ ಪೂರ್ಣವಾಗಿ ಕೊಳೆಯಲು ಸುಮಾರು 1.12 ಕಿಲೋ ಆಮ್ಲಜನಕ ಬೇಕು. ಸ್ವಚ್ಛವಾದ ಹೊಳೆಯ ನೀರಿನಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ಎಂದರೆ ಗಟಾರಕ್ಕೆ ಹೋದ ಒಂದು ಕಿಲೋ ಸಕ್ಕರೆ ಸುಮಾರು 1 ಲಕ್ಷ 40 ಸಾವಿರ ಲೀಟರ್ ನೀರಿನ ಆಮ್ಲಜನಕವನ್ನು ಕಬಳಿಸಬಲ್ಲದು. ಹೊಳೆಯು ಗಾಳಿಯಿಂದ ಮತ್ತೆ ಉಸಿರು ಪಡೆಯುತ್ತದೆ ಎಂಬುದು ನಿಜ. ಆದರೆ ಬೇಸಿಗೆಯಲ್ಲಿ ಹರಿವು ನಿಂತು ಮಡುವಾದ ನೀರಿಗೆ ಆ ಸೌಲಭ್ಯ ಕಡಿಮೆ. ಮೀನು ಸತ್ತು ತೇಲಿದ ಸುದ್ದಿಗಳು ಮಳೆಗಾಲಕ್ಕಿಂತ ಬೇಸಿಗೆಯಲ್ಲೇ ಹೆಚ್ಚಾಗಿ ಕೇಳಿಬರಲು ಇದೂ ಒಂದು ಕಾರಣ.

ಕೇಂದ್ರ ಪರಿಸರ ಸಚಿವಾಲಯವು 2016ರ ಜನವರಿಯಲ್ಲಿ ಸಕ್ಕರೆ ಉದ್ಯಮಕ್ಕೆ ನಿಗದಿಪಡಿಸಿದ ಮಾನದಂಡದ ಪ್ರಕಾರ, ಸಂಸ್ಕರಿಸಿದ ನೀರನ್ನು ಹೊಳೆ-ಹಳ್ಳಗಳಿಗೆ ಬಿಡಬೇಕಾದರೆ ಬಿ.ಒ.ಡಿ. ಲೀಟರಿಗೆ 30 ಮಿಲಿಗ್ರಾಂ, ಭೂಮಿಗೆ ಬಿಡಬೇಕಾದರೆ 100 ಮಿಲಿಗ್ರಾಂ ಮೀರಬಾರದು. ನೀರಿನ ಪ್ರಮಾಣವೂ ಒಂದು ಟನ್ ಕಬ್ಬಿಗೆ 200 ಲೀಟರಿನೊಳಗಿರಬೇಕು. ದಿನಕ್ಕೆ 5,000 ಟನ್ ನುರಿಸುವ ಕಾರ್ಖಾನೆಯನ್ನು ಊಹಿಸಿಕೊಳ್ಳಿ. ಅದು ಹೊರಬಿಡಬಹುದಾದ ನೀರು 10 ಲಕ್ಷ ಲೀಟರ್. ಆ ನೀರಿನ ಬಿ.ಒ.ಡಿ. 30 ಇದ್ದರೆ ಒಟ್ಟು ಆಮ್ಲಜನಕದ ಬೇಡಿಕೆ 30 ಕಿಲೋ. ಸಂಸ್ಕರಿಸದೆ 1,000 ಇದ್ದರೆ 1,000 ಕಿಲೋ. ಈ ಬೇಡಿಕೆಯೆಲ್ಲ ಸಕ್ಕರೆಯಿಂದಲೇ ಬಂದದ್ದೆಂದು ಇಟ್ಟುಕೊಂಡರೆ, 50 ಕಿಲೋ ತೂಕದ ಸುಮಾರು 18 ಚೀಲ ಸಕ್ಕರೆ ಪ್ರತಿದಿನ ಗಟಾರದ ಪಾಲಾಗುತ್ತಿದೆ ಎಂದಾಯಿತು! ಮಾಲಿನ್ಯವೆಂದರೆ ಬಹುತೇಕ ಸಂದರ್ಭಗಳಲ್ಲಿ ಮಾರಾಟವಾಗದೆ ಸೋರಿಹೋದ ಸರಕು. ಇದನ್ನು ತೋರಿಸಿಕೊಡುವ ಯುವಕ ಅಥವಾ ಯುವತಿಗೆ ಕೊಡುವ ಸಂಬಳವು ಕಾರ್ಖಾನೆಗೆ ಹೊರೆಯೆನಿಸದು.

ಇನ್ನೊಂದು ಸ್ವಾರಸ್ಯಕರ ಸಂಗತಿಯಿದೆ. ಕಬ್ಬಿನ ತೂಕದಲ್ಲಿ ಸುಮಾರು ಶೇಕಡ 70ರಷ್ಟು ನೀರೇ. ಮೇಲಿನ ಕಾರ್ಖಾನೆಗೆ ದಿನವೂ ಕಬ್ಬಿನೊಳಗೇ 35 ಲಕ್ಷ ಲೀಟರ್ ನೀರು ಬಂದು ಬೀಳುತ್ತದೆ. ಬಗ್ಯಾಸ್‌ನ ತೇವದೊಂದಿಗೆ ಒಂದಿಷ್ಟು ಹೊರಹೋದರೂ, ಉಳಿದದ್ದನ್ನು ಸರಿಯಾಗಿ ಹಿಡಿದು ಮರುಬಳಸಿದರೆ ಹೊಳೆಯಿಂದ ಎತ್ತುವ ನೀರು ಬಹಳಷ್ಟು ತಗ್ಗುತ್ತದೆ. ಡಿಸ್ಟಿಲರಿಗಳ ವಿಷಯ ಇನ್ನೂ ಗಂಭೀರವಾದುದು. ಕಾಕಂಬಿಯಿಂದ ಒಂದು ಲೀಟರ್ ಮದ್ಯಸಾರ ತೆಗೆದರೆ 8ರಿಂದ 15 ಲೀಟರ್ ಕಂದು ಬಣ್ಣದ ಕೊಳೆ ದ್ರವ ಉಳಿಯುತ್ತದೆ. ಪೆಟ್ರೋಲಿನಲ್ಲಿ ಎಥೆನಾಲ್ ಮಿಶ್ರಣವು 2025ರಲ್ಲಿ ಶೇಕಡ 20ಕ್ಕೆ ತಲುಪಿದ ಮೇಲೆ ಈ ಉದ್ಯಮ ಬೆಳೆಯುತ್ತಲೇ ಇದೆ. ಆ ದ್ರವದ ಒಂದು ಹನಿಯನ್ನೂ ಹೊರಬಿಡಬಾರದೆಂಬ ನಿಯಮವಿರುವುದರಿಂದ ಅದನ್ನು ಬಾಯ್ಲರಿನಲ್ಲಿ ಸುಡುವುದು, ಪ್ರೆಸ್‌ಮಡ್ ಜೊತೆ ಬೆರೆಸಿ ಗೊಬ್ಬರ ಮಾಡುವುದು ಮುಂತಾದ ಕ್ರಮಗಳು ನಡೆದಿವೆ. 2014ರಿಂದ ಸಕ್ಕರೆ ಹಾಗೂ ಡಿಸ್ಟಿಲರಿ ಸೇರಿದಂತೆ 17 ಬಗೆಯ ಉದ್ಯಮಗಳಲ್ಲಿ ಹಗಲಿರುಳೂ ಅಳತೆ ಮಾಡಿ ಮಂಡಳಿಗೆ ನೇರವಾಗಿ ಅಂಕಿ ಕಳುಹಿಸುವ ಯಂತ್ರಗಳನ್ನು ಕೂರಿಸಬೇಕಾಗಿ ಬಂದಿದೆ. ಯಂತ್ರವನ್ನೇನೋ ಕೊಳ್ಳಬಹುದು. ಆದರೆ ಅದು ತಪ್ಪು ಅಂಕಿ ತೋರಿಸಿದಾಗ ಅದನ್ನು ತಪ್ಪೆಂದು ಗುರುತಿಸಬಲ್ಲವರು ಬೇಕಲ್ಲ!

ಸವಳು-ಜವಳು ಮತ್ತು ಉದ್ರಿ ಖಾತೆ

ಕಾರ್ಖಾನೆಯ ಮಾತು ದೊಡ್ಡವರದಾಯಿತು, ಅಂಗಡಿಕಾರರಿಗೇನು ಎಂದು ಕೇಳಬಹುದು. ಪ್ರಾರಂಭದಲ್ಲಿ ಹೇಳಿದ ಗೊಬ್ಬರದ ವರ್ತಕರನ್ನೇ ತೆಗೆದುಕೊಳ್ಳೋಣ. ಅವರ ಬಂಡವಾಳದ ದೊಡ್ಡ ಭಾಗ ಇರುವುದು ಗೋದಾಮಿನಲ್ಲಲ್ಲ, ರೈತರ ಹೊಲಗಳಲ್ಲಿ, ಉದ್ರಿಯ ರೂಪದಲ್ಲಿ. ಕಬ್ಬು ಕಡಿದು ಬಿಲ್ಲು ಬಂದ ಮೇಲೆ ಖಾತೆ ತೀರುತ್ತದೆ. ಹೊಲ ಸವಳಾದರೆ ಉದ್ರಿಯೂ ಅಲ್ಲೇ ಸಿಕ್ಕಿಬೀಳುತ್ತದೆ.

ಕೃಷ್ಣೆ, ದೂಧಗಂಗೆಯ ದಂಡೆಯ ಕಪ್ಪು ಎರೆ ಭೂಮಿಯಲ್ಲಿ ಸವಳು-ಜವಳು ಹೊಸ ಮಾತೇನಲ್ಲ. ಅದು ಹೇಗಾಗುತ್ತದೆ ಎಂಬುದೂ ಒಂದು ಜಮಾ-ಖರ್ಚಿನ ಲೆಕ್ಕವೇ. ನೀರಿನ ಲವಣಾಂಶವನ್ನು ವಿದ್ಯುತ್ ವಾಹಕತೆ, ಅರ್ಥಾತ್ ಇ.ಸಿ. ಎಂಬ ಅಳತೆಯಿಂದ ತಿಳಿಯುತ್ತಾರೆ. ಇ.ಸಿ. 1 ಇರುವ ಬೋರಿನ ನೀರಿನಲ್ಲಿ ಲೀಟರಿಗೆ ಸುಮಾರು 640 ಮಿಲಿಗ್ರಾಂ ಲವಣ ಇರುತ್ತದೆ. ನಾಲಿಗೆಗೆ ಅದೇನೂ ಅಷ್ಟಾಗಿ ತಿಳಿಯದು. ಕಬ್ಬಿಗೆ ವರ್ಷವೊಂದಕ್ಕೆ ಒಂದೂವರೆ ಮೀಟರ್ ಎತ್ತರದಷ್ಟು ನೀರು ಹಾಯಿಸಿದರೆ ಎಕರೆಗೆ 60 ಲಕ್ಷ ಲೀಟರ್ ಆಗುತ್ತದೆ. ಗುಣಿಸಿ ನೋಡಿದರೆ ಎಕರೆಗೆ ವರ್ಷಕ್ಕೆ 3.8 ಟನ್ನಿನಷ್ಟು ಉಪ್ಪನ್ನು ನಾವೇ ಹೊಲಕ್ಕೆ ತುಂಬಿದಂತಾಯಿತು. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಕೆಳಗೆ ಬಸಿದುಹೋಗಲು ದಾರಿಯಿಲ್ಲದ ಎರೆಯಲ್ಲಿ ಜಮಾ ಮಾತ್ರ ಇದ್ದು ಖರ್ಚೇ ಇಲ್ಲದ ಖಾತೆಯಂತೆ ಅದು ಬೆಳೆಯುತ್ತ ಹೋಗುತ್ತದೆ. ಹೊಳೆಯ ನೀರಿನಲ್ಲಿ ಲವಣ ಕಡಿಮೆಯಿದ್ದರೂ ಅತಿಯಾಗಿ ಹಾಯಿಸಿದಾಗ ನೆಲದಡಿಯ ನೀರಿನ ಮಟ್ಟ ಮೇಲೆದ್ದು, ಮೊದಲೇ ಆಳದಲ್ಲಿದ್ದ ಉಪ್ಪನ್ನು ಬೇರಿನವರೆಗೆ ತಂದು ನಿಲ್ಲಿಸುತ್ತದೆ.

ಇಲ್ಲಿ ಪರಿಸರ ವಿಜ್ಞಾನ ಓದಿದವರು ಕೇಳುವ ಮೊದಲ ಪ್ರಶ್ನೆ: ಇದು ಸವಳೇ, ಕ್ಷಾರವೇ? ಮಣ್ಣಿನ ಸಾರದ ಇ.ಸಿ. 4ಕ್ಕಿಂತ ಹೆಚ್ಚಿದ್ದು ಪಿ.ಎಚ್. 8.5ರೊಳಗಿದ್ದರೆ ಅದು ಲವಣದ ಭೂಮಿ. ಪಿ.ಎಚ್. 8.5 ಮೀರಿ ಸೋಡಿಯಂ ಪಾಲು ಶೇಕಡ 15ಕ್ಕಿಂತ ಹೆಚ್ಚಾಗಿದ್ದರೆ ಅದು ಕ್ಷಾರ ಭೂಮಿ. ಕ್ಷಾರ ಭೂಮಿಗೆ ಜಿಪ್ಸಂ ಬೇಕು. ಬರಿಯ ಲವಣದ ಭೂಮಿಗೆ ಜಿಪ್ಸಂ ಹಾಕುವುದು ಹಣವನ್ನು ಮಣ್ಣಿಗೆ ಸುರಿದಂತೆ; ಅದಕ್ಕೆ ಬೇಕಾದದ್ದು ಬಸಿಗಾಲುವೆ ಮತ್ತು ಉಪ್ಪನ್ನು ತೊಳೆದುಹಾಕುವ ನೀರು. ಎರಡೂ ಕೂಡಿದ ಹೊಲಗಳೂ ಉಂಟು. ನಮ್ಮ ಅಂಗಡಿಗಳಲ್ಲಿ ಹೊಲ ಬೆಳ್ಳಗಾಗಿದೆ ಎಂದು ಹೇಳಿದ ರೈತನಿಗೆಲ್ಲ ಜಿಪ್ಸಂ ಚೀಲವನ್ನೇ ಕೊಟ್ಟು ಕಳುಹಿಸುವ ರೂಢಿಯಿದೆ. ಮಾರಾಟವೇನೋ ಆಗುತ್ತದೆ, ಆದರೆ ಮುಂದಿನ ವರ್ಷ ಆ ರೈತ ಬೇರೆ ಅಂಗಡಿಗೆ ಹೋಗುತ್ತಾನೆ, ಹಳೆಯ ಬಾಕಿಯನ್ನು ಇಲ್ಲೇ ಬಿಟ್ಟು. ಉಗಾರ ಭಾಗದಲ್ಲಿ ನೆಲದಡಿಯಲ್ಲಿ ರಂಧ್ರವುಳ್ಳ ಕೊಳವೆಗಳನ್ನು ಹೂತು ಉಪ್ಪುನೀರನ್ನು ಬಸಿದು ತೆಗೆಯುವ ಕೆಲಸ ನಡೆದಿದ್ದು, ಅದನ್ನು ಆಸಕ್ತರು ಹೋಗಿ ನೋಡಬಹುದು.

ಇ.ಸಿ. ಅಳೆಯುವ ಕೈಯಂತ್ರಕ್ಕೆ ಕೆಲವೇ ಸಾವಿರ ರೂಪಾಯಿ. ಆದರೆ ಮಣ್ಣಿಗೆ ಎರಡರಷ್ಟು ನೀರು ಬೆರೆಸಿ ತೆಗೆದ ಅಂಕಿಯು ಪ್ರಯೋಗಾಲಯದ ಅಂಕಿಗಿಂತ ಕಡಿಮೆ ಬರುತ್ತದೆ. ಅದನ್ನು ನೇರವಾಗಿ 4ರೊಂದಿಗೆ ಹೋಲಿಸಿ "ಹೊಲ ಚೆನ್ನಾಗಿದೆ" ಎಂದುಬಿಟ್ಟರೆ ಮೋಸ ಹೋಗುತ್ತೇವೆ. ಯಂತ್ರ ಕೊಂಡವರೆಲ್ಲರಿಗೂ ಗೊತ್ತಿರದ ಇಂತಹ ಸಂಗತಿಗಳಿಗಾಗಿಯೇ ಮೂರು ವರ್ಷದ ಓದು.

ಹೊಳೆ, ಚರ್ಮ, ಸಮ್ಮತಿ ಪತ್ರ

ಪದವಿಯಲ್ಲಿ ಜಲವಿಜ್ಞಾನವೂ ಒಂದು ಭಾಗ. 2005, 2019 ಮತ್ತು 2021ರ ಪ್ರವಾಹಗಳನ್ನು ಕಂಡ ನಮಗೆ ಅದರ ಅಗತ್ಯವನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ ಸೇತುವೆಗಳು ಮುಳುಗಿದ ಸುದ್ದಿ ಬಂದಾಗಲೇ ನಾವು ಗೋದಾಮಿನ ಚೀಲಗಳನ್ನು ಎತ್ತಿಡಲು ಹೊರಡುತ್ತೇವೆ. ರಾಜಾಪುರ ಬ್ಯಾರೇಜಿನಿಂದ ಇಷ್ಟು ಕ್ಯೂಸೆಕ್ ಬಿಡಲಾಗಿದೆ ಎಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದುತ್ತೇವೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28.3 ಲೀಟರ್. ಒಂದು ಲಕ್ಷ ಕ್ಯೂಸೆಕ್ ಬಂದಾಗ ತನ್ನೂರಿನ ಯಾವ ಓಣಿಗೆ ನೀರು ಬರುತ್ತದೆ ಎಂಬುದನ್ನು ಹಿಂದಿನ ವರ್ಷಗಳ ಗುರುತುಗಳಿಂದ ನಕ್ಷೆಯಲ್ಲಿ ಬರೆದಿಡುವುದು ಪದವಿ ವಿದ್ಯಾರ್ಥಿಯೊಬ್ಬನ ಉತ್ತಮ ಪ್ರಬಂಧವಾಗಬಲ್ಲದು. ಅದರಿಂದ ಪೇಟೆಗೂ ಉಪಯೋಗ.

ನಿಪ್ಪಾಣಿ, ಅಥಣಿ ಭಾಗದ ಚಪ್ಪಲಿ ಉದ್ಯಮದ ಕಥೆ ಇನ್ನೊಂದು ಬಗೆಯದು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಅದರಲ್ಲಿ ಸೇರಿದವು. ಜಾಲಿ ತೊಗಟೆ, ಅಳಲೆಕಾಯಿಯಿಂದ ಚರ್ಮ ಹದ ಮಾಡುವ ಪದ್ಧತಿ ಇದರ ಹಿರಿಮೆ. ಐರೋಪ್ಯ ಒಕ್ಕೂಟವು 2015ರ ಮೇ ತಿಂಗಳಿನಿಂದ ಮೈಗೆ ತಾಗುವ ಚರ್ಮದ ಸರಕಿನಲ್ಲಿ ಕ್ರೋಮಿಯಂ-6ರ ಪ್ರಮಾಣವು ಕಿಲೋಗೆ 3 ಮಿಲಿಗ್ರಾಂ ಮುಟ್ಟಬಾರದೆಂದು ವಿಧಿಸಿದೆ. ಕ್ರೋಮಿಯಂ ಬಳಸದ ನಮ್ಮ ಹಳೆಯ ಪದ್ಧತಿಗೆ ಇದು ಅನುಕೂಲವೇ. ಆದರೆ ರಫ್ತು ವ್ಯಾಪಾರಿ ಬಾಯಿಮಾತನ್ನು ನಂಬುವುದಿಲ್ಲ, ಪರೀಕ್ಷಾ ವರದಿ ಕೇಳುತ್ತಾನೆ. ಮಾದರಿ ತೆಗೆಯುವುದು, ವರದಿ ಓದುವುದು, ಪೇಟೆಯಿಂದ ತಂದ ಸಿದ್ಧ ಚರ್ಮ ಅದರಲ್ಲಿ ಬೆರೆಯದಂತೆ ನೋಡಿಕೊಳ್ಳುವುದು, ಇವು ಕುಶಲಕರ್ಮಿಯ ಕೆಲಸವಲ್ಲ. ಅವರ ಮಕ್ಕಳು ಕಲಿಯಬಹುದಾದ ಕೆಲಸ.

ಬೆಲ್ಲದ ಗಾಣದವರಿಗೂ ಇದೇ ಮಾತು. ಬೆಂಡೆ ಗಿಡದ ಲೋಳೆ ಮತ್ತು ಸುಣ್ಣದಿಂದ ರಸ ತಿಳಿಗೊಳಿಸುತ್ತಿದ್ದ ಕಡೆ ಈಗ ಬಣ್ಣಕ್ಕಾಗಿ ಹೈಡ್ರೋಸ್ ಬಂದಿದೆ. ಬೆಲ್ಲದಲ್ಲಿ ಉಳಿಯುವ ಗಂಧಕದ ಡೈಆಕ್ಸೈಡಿಗೆ ಆಹಾರ ಕಾನೂನಿನ ಮಿತಿಯಿದೆ.

ಕಾನೂನಿನ ಮಾತು ಬಂದಿದ್ದರಿಂದ ಒಂದೆರಡು ವಾಕ್ಯ. 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ ಮತ್ತು 1986ರ ಪರಿಸರ ಸಂರಕ್ಷಣಾ ಕಾಯ್ದೆಗಳ ಅಡಿಯಲ್ಲಿ ಉದ್ಯಮಗಳನ್ನು ಮಾಲಿನ್ಯದ ಪ್ರಮಾಣಕ್ಕನುಗುಣವಾಗಿ ಕೆಂಪು, ಕಿತ್ತಳೆ, ಹಸಿರು, ಬಿಳಿ ಎಂದು ವಿಂಗಡಿಸಲಾಗಿದೆ. ಬಿಳಿ ಬಣ್ಣದವರು ಮಂಡಳಿಗೆ ತಿಳಿಸಿದರೆ ಸಾಕು. ಉಳಿದವರಿಗೆ ಸ್ಥಾಪನೆಗೊಂದು, ಚಾಲನೆಗೊಂದು ಸಮ್ಮತಿ ಪತ್ರ ಬೇಕು. ಪರಿಸರ ಸಂರಕ್ಷಣಾ ಕಾಯ್ದೆಯ ತಿದ್ದುಪಡಿಯಂತೆ 2024ರ ಏಪ್ರಿಲ್‌ನಿಂದ ಸೆರೆವಾಸದ ಬದಲು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡವಿದೆ. ಇದನ್ನು ಕೇಳಿ ಕೆಲವರು ನಿರಾಳವಾಗಿದ್ದಾರೆ. ಸಣ್ಣ ಘಟಕಕ್ಕೆ 15 ಲಕ್ಷವು ಸೆರೆವಾಸಕ್ಕಿಂತ ಹಗುರವೇ ಎಂಬುದನ್ನು ಅವರವರೇ ಯೋಚಿಸಬೇಕು. ಇಂದು ನಮ್ಮಲ್ಲಿ ಬಹಳ ಮಂದಿ ಈ ಅರ್ಜಿಗಳನ್ನು ಏಜೆಂಟರ ಕೈಗೆ ಕೊಟ್ಟು, ಅದರಲ್ಲೇನು ಬರೆದಿದೆ ಎಂದು ನೋಡದೆ ಸಹಿ ಮಾಡುತ್ತಿದ್ದಾರೆ. ಸಮ್ಮತಿ ಪತ್ರದ ಷರತ್ತುಗಳನ್ನು ಮಾಲೀಕರು ಮೊದಲ ಸಲ ಓದುವುದು ನೋಟಿಸು ಬಂದ ದಿನ.

ಎಲ್ಲಿ, ಹೇಗೆ ಓದಬೇಕು?

ಇಲ್ಲಿ ಪಾಲಕರಿಗೆ ಪ್ರಾಮಾಣಿಕವಾಗಿ ಹೇಳಬೇಕಾದದ್ದಿದೆ. ಪರಿಸರ ವಿಜ್ಞಾನದ ಬರಿಯ ಮೂರು ವರ್ಷದ ಪದವಿಯಿಂದ ಒಳ್ಳೆಯ ಕೆಲಸ ಸಿಗುವುದು ಕಷ್ಟ. ಮಂಡಳಿಯ ಹುದ್ದೆಗಳಿಗೆ ಯಾವ ಪದವಿ ಬೇಕೆಂಬುದನ್ನು ಆಯಾ ಪ್ರಕಟಣೆಯಲ್ಲೇ ನೋಡಬೇಕು. ಇಂಜಿನಿಯರಿಂಗ್ ಪದವಿ ಅಥವಾ ಎಂ.ಎಸ್ಸಿ. ಕೇಳುವ ಹುದ್ದೆಗೆ ಬಿ.ಎಸ್ಸಿ. ನಡೆಯದು. ಆದ್ದರಿಂದ ಐದು ವರ್ಷದ ಓದೆಂದು ಮೊದಲೇ ಎಣಿಸಿಕೊಳ್ಳುವುದು ಲೇಸು.

ಪದವಿಯಲ್ಲಿ ಪರಿಸರ ವಿಜ್ಞಾನವೇ ಮುಖ್ಯ ವಿಷಯವಾಗಿರುವ ಕಾಲೇಜು ಹತ್ತಿರದಲ್ಲಿ ಸಿಗದಿದ್ದರೆ ಹಿಂಜರಿಯಬೇಕಿಲ್ಲ. ಚಿಕ್ಕೋಡಿಯ ಬಸವಪ್ರಭು ಕೋರೆ ಮಹಾವಿದ್ಯಾಲಯ, ನಿಪ್ಪಾಣಿಯ ಜಿ.ಐ. ಬಾಗೇವಾಡಿ ಮಹಾವಿದ್ಯಾಲಯದಂತಹ ಕಡೆ ರಸಾಯನಶಾಸ್ತ್ರದೊಂದಿಗೆ ಸಸ್ಯಶಾಸ್ತ್ರ ಅಥವಾ ಪ್ರಾಣಿಶಾಸ್ತ್ರ ಓದಿ, ನಂತರ ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡುವುದು ಈ ಲೇಖಕನ ಅಭಿಪ್ರಾಯದಲ್ಲಿ ಹೆಚ್ಚು ಗಟ್ಟಿಯಾದ ದಾರಿ. ರಸಾಯನಶಾಸ್ತ್ರ ಬಿಟ್ಟವರು ಪ್ರಯೋಗಾಲಯದಲ್ಲಿ ಹಿಂದೆ ಬೀಳುತ್ತಾರೆ. ಮೈಸೂರು, ಬೆಂಗಳೂರು ಮತ್ತು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಗಳಲ್ಲಿ ಪರಿಸರ ವಿಜ್ಞಾನದ ವಿಭಾಗಗಳಿವೆ. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲೂ ಇದೆ. ಏಕಸಂಬಿಗೆ ಬೆಳಗಾವಿಗಿಂತ ಕೊಲ್ಹಾಪುರವೇ ಹತ್ತಿರ. ಆದರೆ ಗಡಿ ದಾಟಿ ಓದುವವರು ಹೊರರಾಜ್ಯದವರಿಗೆ ಮೀಸಲಾದ ಸ್ಥಾನ ಹಾಗೂ ಶುಲ್ಕವನ್ನು ಮೊದಲು ವಿಚಾರಿಸಬೇಕು. ಪದವಿಯ ಅವಧಿಯ ಭೇದವನ್ನೂ ಗಮನಿಸಬೇಕು: ಕರ್ನಾಟಕದಲ್ಲಿ 2021-22ರಲ್ಲಿ ಬಂದ ನಾಲ್ಕು ವರ್ಷದ ಪದ್ಧತಿ ನಿಂತು 2024-25ರಿಂದ ಮೂರು ವರ್ಷಕ್ಕೆ ಮರಳಲಾಗಿದೆ, ಮಹಾರಾಷ್ಟ್ರದಲ್ಲಿ ಹೊಸ ಶಿಕ್ಷಣ ನೀತಿಯ ಪದ್ಧತಿ ನಡೆದಿದೆ.

ಇಂಜಿನಿಯರಿಂಗ್ ಬೇಕೆನ್ನುವವರಿಗೆ ಮೈಸೂರಿನ ಜೆ.ಎಸ್.ಎಸ್. ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪರಿಸರ ಇಂಜಿನಿಯರಿಂಗ್ ವಿಭಾಗವಿದೆ. ಸಕ್ಕರೆ ಉದ್ಯಮದಲ್ಲೇ ನಿಲ್ಲಬಯಸುವವರು ಕಾನ್ಪುರದ ರಾಷ್ಟ್ರೀಯ ಸಕ್ಕರೆ ಸಂಸ್ಥೆಯು ಗುಣನಿಯಂತ್ರಣ ಹಾಗೂ ಪರಿಸರ ವಿಜ್ಞಾನದಲ್ಲಿ ನಡೆಸುತ್ತ ಬಂದಿರುವ ಸ್ನಾತಕೋತ್ತರ ಡಿಪ್ಲೊಮಾವನ್ನು ಗಮನಿಸಬಹುದು. ಸಕ್ಕರೆ ತಂತ್ರಜ್ಞಾನಕ್ಕೆ ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ನಮ್ಮ ಜಿಲ್ಲೆಯಲ್ಲೇ ಇದೆ.

ಗೊಬ್ಬರದ ವರ್ತಕರ ಮಗಳು ರಸಾಯನಶಾಸ್ತ್ರ ಮತ್ತು ಸಸ್ಯಶಾಸ್ತ್ರ ಆರಿಸಿಕೊಂಡಿದ್ದಾಳೆ. ಮೊನ್ನೆ ಅವಳು ಕೇಳಿದ್ದು ಒಂದೇ: ಹಂಗಾಮಿನಲ್ಲಿ ಯಾವುದಾದರೂ ಗಾಣ ಅಥವಾ ಕಾರ್ಖಾನೆಯಲ್ಲಿ ನೀರಿನ ಮಾದರಿ ತೆಗೆಯಲು ಒಳಗೆ ಬಿಡುತ್ತಾರೆಯೇ? ಎರಡು ಕಡೆ ಕೇಳಿದ್ದಳಂತೆ, ಎರಡೂ ಕಡೆ ಗೇಟಿನಲ್ಲೇ ತಿರುಗಿ ಕಳುಹಿಸಿದ್ದಾರೆ. ವರದಿ ಎಲ್ಲಿಗೆ ಹೋಗುವುದೋ ಎಂಬ ಭಯ ಮಾಲೀಕರಿಗೆ ಇರುವುದು ಸಹಜ. ಅದಕ್ಕೆ ಉಪಾಯವಿದೆ: ಫಲಿತಾಂಶವನ್ನು ಮಾಲೀಕರಿಗೆ ಮಾತ್ರ ಕೊಡುವುದು, ಪ್ರಬಂಧದಲ್ಲಿ ಘಟಕದ ಹೆಸರನ್ನು ಬರೆಯದಿರುವುದು ಎಂದು ಕಾಲೇಜಿನಿಂದ ಬರೆಸಿಕೊಳ್ಳಬಹುದು. ನುರಿಸುವುದು ನವೆಂಬರಿನಿಂದ ಮಾರ್ಚಿಯವರೆಗೆ ಮಾತ್ರ ಇರುವುದರಿಂದ ಈ ಪತ್ರವ್ಯವಹಾರವು ದೀಪಾವಳಿಗೆ ಮೊದಲೇ ಮುಗಿಯಬೇಕು. ಒಪ್ಪಿದ ಸದಸ್ಯರು ವಿದ್ಯಾರ್ಥಿಗೆ ಗೇಟಿನ ಜೊತೆಗೆ ಒಂದಿಷ್ಟು ಮಂಜುಗಡ್ಡೆಯನ್ನೂ ಒದಗಿಸಿದರೆ ಉಪಕಾರವಾಗುತ್ತದೆ, ಬಿ.ಒ.ಡಿ. ಮಾದರಿಯನ್ನು 4 ಡಿಗ್ರಿಯಲ್ಲಿ ತಂಪಾಗಿಟ್ಟು ಅದೇ ದಿನ ಪ್ರಯೋಗಾಲಯಕ್ಕೆ ಮುಟ್ಟಿಸದಿದ್ದರೆ ಬಂದ ಅಂಕಿಗೆ ಅರ್ಥವಿರುವುದಿಲ್ಲ.